ಕಳಂಕಕ್ಕೆ ಯಾವ ಅಕ್ಷರ?

ಶಿವಮೊಗ್ಗದ ರವೀಂದ್ರನಗರ. ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಸಾಂಕ್ರಾಮಿಕ ರೋಗ ಹಬ್ಬುವ ಬಗೆಗೆ 1927ರಲ್ಲಿ ಕೊಟ್ಟ ಸಮೀಕರಣಗಳು ಮೇಜಿನ ಮೇಲಿವೆ. ಒಬ್ಬ ರೋಗಿ ದಿನಕ್ಕೆ ಎಷ್ಟು ಮಂದಿಗೆ ಸೋಂಕು ಹಚ್ಚುತ್ತಾನೆ, ಎಷ್ಟು ದಿನ ಹಚ್ಚುತ್ತಾನೆ? ಇವೆರಡರ ಗುಣಲಬ್ಧ ಒಂದನ್ನು ದಾಟಿದರೆ ರೋಗ ಹಬ್ಬುತ್ತದೆ. ರೋಗಿಗೆ ಅಂಟುವ ಕಳಂಕಕ್ಕೆ ಇಲ್ಲಿ ಅಕ್ಷರವೇ ಇಲ್ಲ. ಆದರೂ ಎರಡೂ ಸಂಖ್ಯೆಗಳನ್ನು ಅದು ಅಲುಗಿಸುತ್ತದೆ.

ಕ್ಷಯವನ್ನೇ ನೋಡೋಣ. ಹೆದರಿದ ಜನ ದೂರ ಸರಿದು ಒಡನಾಟ ಅರ್ಧಕ್ಕಿಳಿಯಿತು ಎನ್ನಿ. ಅದೇ ಹೆದರಿಕೆಗೆ, ತಿಂಗಳಲ್ಲಿ ಕಫ ಪರೀಕ್ಷೆಗೆ ಹೋಗಬೇಕಾದವರು ಮೂರು ತಿಂಗಳು ಕೆಮ್ಮು ಮುಚ್ಚಿಟ್ಟರು. ಅರ್ಧವನ್ನು ಮೂರರಿಂದ ಗುಣಿಸಿದರೆ ಒಂದೂವರೆ. ದೂರವಿಟ್ಟದ್ದರಿಂದಲೇ ಆ ಗುಣಲಬ್ಧ ಒಂದೂವರೆ ಪಟ್ಟಾಯಿತು! ಅಂಕಿ ನನ್ನ ಊಹೆಯದು, ನಿಜ. ಆದರೆ ಬೀದಿಯವರು ದೂರ ಸರಿದಷ್ಟು ಮನೆಯವರು ಸರಿಯಲಾರರು. ಮೊಮ್ಮಕ್ಕಳು ಅದೇ ಕೋಣೆಯಲ್ಲಿ ಮಲಗುತ್ತಾರೆ. ಸರಿಯಾದ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ಮುಚ್ಚಿಟ್ಟ ದಿನಗಳೇ ಘೋರ.

1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅಲ್ಲಿ ರೋಗಿಯನ್ನು ದೂರವಿಟ್ಟರೆ ಸಿಗುವ ಲಾಭ ಸೊನ್ನೆ.

ಕೋವಿಡ್ ಕಾಲದಲ್ಲಿ ಮನೆ ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದರು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಹಾಗೆ ಅಂಟಿಸಕೂಡದು ಎಂದಿತು. ಆ ಚೀಟಿಗೆ ಅಂಜಿ ಪರೀಕ್ಷೆ ತಪ್ಪಿಸಿಕೊಂಡವರನ್ನು ಯಾವ ಸಂಖ್ಯೆಗೆ ಸೇರಿಸುವುದು?

ಕುಷ್ಠದ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಬಹು ಔಷಧ ಚಿಕಿತ್ಸೆ 1980ರ ದಶಕದಿಂದಲೇ ಇದೆ. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠ ದೇಶಮಟ್ಟದಲ್ಲಿ ಕೊನೆಗೊಂಡಿತೆಂದು ಸರ್ಕಾರ ಸಾರಿದ್ದು 2005ರಲ್ಲಿ. ವಿಚ್ಛೇದನಕ್ಕೆ ಕುಷ್ಠ ಒಂದು ಕಾರಣ ಎಂಬ ಮಾತನ್ನು ವಿವಾಹ ಕಾನೂನುಗಳಿಂದ ತೆಗೆದದ್ದು 2019ರಲ್ಲಿ. ರೋಗದ ರೇಖೆ ಇಳಿದ ಎಷ್ಟೋ ವರ್ಷಗಳ ನಂತರವೂ ಕಳಂಕದ ರೇಖೆ ಮೇಲೇ ಇತ್ತು. ಹೀಗೆ ತನ್ನದೇ ಗತಿಯಲ್ಲಿ ಸಾಗುವ ಕಳಂಕವನ್ನು ಸ್ಥಿರಾಂಕವಾಗಿ ಹಿಡಿಯುವ ಮಾದರಿಯನ್ನು ನಾನು ನಂಬಲಾರೆ.

ಬಿಡಿಸಲಾಗದ ಗಂಟು ಇದು: ಶಿವಮೊಗ್ಗ, ಭದ್ರಾವತಿ ಎರಡರಲ್ಲೂ ಹೊಸ ರೋಗಿಗಳು ಕಡಿಮೆಯಾದರು ಎನ್ನಿ. ಒಂದರಲ್ಲಿ ರೋಗ ಇಳಿದಿದೆ, ಇನ್ನೊಂದರಲ್ಲಿ ಜನ ಅವಿತಿದ್ದಾರೆ. ಗ್ರಾಫು ಎರಡಕ್ಕೂ ಒಂದೇ. ಕುಷ್ಠದಲ್ಲಿ ಒಂದು ಸುಳಿವುಂಟು. ಹೊಸದಾಗಿ ಪತ್ತೆಯಾದವರಲ್ಲಿ ಆಗಲೇ ಕೈಕಾಲು ಊನವಾದವರ ಪಾಲು ಹೆಚ್ಚಿದ್ದರೆ ಪತ್ತೆ ತಡವಾಗಿದೆ ಎಂದರ್ಥ. ಎರಡೂ ತಾಲ್ಲೂಕುಗಳ ಆ ಅಂಕಿಯನ್ನು ಬೇರೆಬೇರೆಯಾಗಿ ಕೇಳಿ ಪಡೆಯಬೇಕು.