ಬ್ಯಾರಲ್ ಒಪ್ಪಿದ ಗುಂಡು

ಏರ್‌ಗನ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗೋದು ಜಾತ್ರೆಯ ಬಲೂನು. ಮುಂಬಯಿಯವರಿಗಾದ್ರೆ ಜುಹು ಚೌಪಾಟಿಯ ಬಲೂನು. ಅದೇ ಗಾಳಿ ಬಂದೂಕು ಹಿಡ್ಕೊಂಡು ನೂರು ಗಜ ದೂರದ ಕಾಗದಕ್ಕೆ ಗುರಿಯಿಡುವ ಜನರೂ ಇದ್ದಾರೆ ಅಂದ್ರೆ ಪಕ್ಕದ ಮನೆಯವರು ನಗ್ತಾರೆ. ಆದರೆ ಇದ್ದಾರೆ ಸ್ವಾಮಿ. ಅಮೆರಿಕದ ಅರಿಜೋನಾದಲ್ಲಿ ಎಕ್ಸ್‌ಟ್ರೀಮ್ ಬೆಂಚ್‌ರೆಸ್ಟ್ ಅಂತ ಇದಕ್ಕೇ ಒಂದು ಸ್ಪರ್ಧೆ ನಡೆಯುತ್ತೆ. ಅಂಥವರ ಮಾತಲ್ಲಿ ಕೆಲವು ವರ್ಷಗಳಿಂದ ಪದೇ ಪದೇ ಬರೋ ಹೆಸರು ‘ಸ್ಲಗ್’. ಈ ಗಾಳಿ ನಮ್ಮ ಕಡೆಗೂ ಬೀಸಿದೆ. ಪೆಲೆಟ್ ಬಿಟ್ಟು ಸ್ಲಗ್ ಹಾಕಿದ್ರೆ ಸಾಕು, ಗುಂಡು ದೂರಕ್ಕೆ ನೇರವಾಗಿ ಹೋಗುತ್ತೆ ಅಂತ ಹುಡುಗರು ನಂಬಿದ್ದಾರೆ. ಅದು ಎಷ್ಟು ನಿಜ ಅಂತ ಪರೀಕ್ಷೆ ಮಾಡಿ ನೋಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಹತ್ತು ಮೀಟರಿನ ಮಾತು. ಮುಂಬಯಿಯಲ್ಲಿ ಏರ್ ರೈಫಲ್ ಅಂದ್ರೆ ಮುಖ್ಯವಾಗಿ ಅದೇ. ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ ರೇಂಜಿನಿಂದ ಅಂಜಲಿ ಭಾಗವತ್ ಬಂದರು. ನಮ್ಮ ಚಿಕ್ಕಬಳ್ಳಾಪುರದಲ್ಲಿ 1974ರಲ್ಲಿ ಹುಟ್ಟಿದ ಸುಮಾ ಶಿರೂರು ಬಂದರು. ಸುಮಾ 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದರು. ಆಮೇಲೆ ಪನ್ವೇಲಿನಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ ಕಟ್ಟಿದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಟೋಕಿಯೋ (2021) ಮತ್ತು ಪ್ಯಾರಿಸ್ (2024) ಎರಡರಲ್ಲೂ ಚಿನ್ನ ಗೆದ್ದ ಅವನಿ ಲೇಖರಾಗೆ ಗುರುವಾಗಿದ್ದವರು ಇವರೇ. ಮುಂಬಯಿ ಕನ್ನಡಿಗರು ಇನ್ನಷ್ಟು ಹೆಮ್ಮೆಯಿಂದ ಹೇಳ್ಕೋಬೇಕಾದ ಹೆಸರು.

ಈ ಹತ್ತು ಮೀಟರಿನ ಗುರಿಯಲ್ಲಿ ‘ಹತ್ತು’ ಅನ್ನೋ ಚುಕ್ಕಿಯ ಅಗಲ ಬರೀ ಅರ್ಧ ಮಿಲಿಮೀಟರ್. ಗುಂಡಿನ ಅಗಲವೇ 4.5 ಮಿ.ಮೀ! 2013ರಿಂದ ಅರ್ಹತಾ ಸುತ್ತಿನಲ್ಲೂ ದಶಮಾಂಶದ ಲೆಕ್ಕ ಬಂತು. ಕಾಲು ಮಿಲಿಮೀಟರ್ ಆಚೀಚೆಯಾದರೆ 0.1 ಅಂಕ ಹೋಯ್ತು. ಗುಂಡಿಗೆ ಸರಾಸರಿ 0.1 ಕಳೆದರೂ 60 ಗುಂಡಿಗೆ 6 ಅಂಕ, ಅಂದ್ರೆ ಫೈನಲ್‌ಗೂ ಮನೆಗೂ ಇರೋ ಅಂತರ. ಅದಕ್ಕೇ ಈ ಆಟದವರು ಗುಂಡು ಆರಿಸೋದರಲ್ಲಿ ವಿಪರೀತ ಎಚ್ಚರ. ಒಂದೇ ಕಂಪನಿಯ ಒಂದೇ ಹೆಸರಿನ ಪೆಲೆಟ್ 4.49, 4.50 ಅಂತ ಬೇರೆ ಬೇರೆ ಅಳತೆಯಲ್ಲಿ ಬರುತ್ತೆ. ಒಂದೇ ಅಳತೆಯಲ್ಲೂ ಒಂದು ಲಾಟ್‌ಗೂ ಇನ್ನೊಂದಕ್ಕೂ ವ್ಯತ್ಯಾಸ. ರೈಫಲನ್ನ ಅಲುಗಾಡದಂತೆ ವೈಸ್‌ಗೆ ಬಿಗಿದು ಒಂದೊಂದು ಲಾಟನ್ನೂ ಹೊಡೆದು ನೋಡಿ, ಬ್ಯಾರಲ್ ಒಪ್ಪಿದ ಲಾಟ್ ಸಿಕ್ಕರೆ ಅದನ್ನೇ ಇಡೀ ವರ್ಷಕ್ಕಾಗುವಷ್ಟು ತೆಗೆದಿಡ್ತಾರೆ. ಗೆಳತಿಯ ರೈಫಲ್‌ಗೆ ಚೆನ್ನಾಗಿ ಕೂತ ಡಬ್ಬಿ ನಮ್ಮ ಮಗಳ ರೈಫಲ್‌ಗೆ ಕೂರಬೇಕು ಅಂತೇನಿಲ್ಲ.

ಹತ್ತು ಮೀಟರಿಗೇ, ಅದೂ ಗಾಳಿಯಿಲ್ಲದ ಕೋಣೆಯೊಳಗೇ ಇಷ್ಟು ಕಿರಿಕಿರಿ. ಇನ್ನು ಬಯಲಲ್ಲಿ ಐವತ್ತು ಮೀಟರಿಗೆ?

ಮಾಮೂಲಿ ಪೆಲೆಟ್ ಅಂದ್ರೆ ನಡು ಸಣ್ಣಗಿರೋ, ಹಿಂದೆ ಲಂಗದ ಹಾಗೆ ಅರಳಿರೋ ಸೀಸದ ಗುಂಡು. ಡಮರುಗದ ಆಕಾರ ಅಂದುಕೊಳ್ಳಿ. ಬ್ಯಾಡ್ಮಿಂಟನ್ ಶಟಲ್ ಹೇಗೆ ತಾನೇ ಮೂತಿ ಮುಂದೆ ಮಾಡಿಕೊಂಡು ಹೋಗುತ್ತೋ ಹಾಗೆ, ಆ ಲಂಗವನ್ನ ಗಾಳಿ ಹಿಂದಕ್ಕೆ ಎಳೀತಾ ಗುಂಡನ್ನ ನೇರ ಇಡುತ್ತೆ. ಅದಕ್ಕೆ ಬೆಲೆಯಾಗಿ ವೇಗ ಬೇಗ ಇಳಿಯುತ್ತೆ. ಸ್ಲಗ್‌ಗೆ ನಡುವಿಲ್ಲ, ಲಂಗವಿಲ್ಲ. ನಿಜವಾದ ಬುಲೆಟ್ಟಿನ ತಮ್ಮನ ಹಾಗೆ ಉದ್ದನೆಯ ಕೊಳವೆ. ಗಾಳಿಯನ್ನ ಚೆನ್ನಾಗಿ ಸೀಳುತ್ತೆ. ಆದರೆ ಅದನ್ನ ನೇರ ಇಡೋದು ಬುಗುರಿಯ ಹಾಗೆ ಸುತ್ತುವ ಸುತ್ತು ಮಾತ್ರ. ಆ ಸುತ್ತು ಕೊಡಬೇಕಾದ್ದು ಬ್ಯಾರಲ್ಲಿನ ಒಳಗಿನ ತಿರುವುಗೆರೆಗಳು.

ಈಗ ಕಾನೂನು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177 ಬೋರು ಮತ್ತು 20 ಜೂಲ್ ಶಕ್ತಿ ಮೀರಿದ ಏರ್‌ಗನ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಕು. ಇಂಗ್ಲೆಂಡಿನಲ್ಲಿ ಈ ಗೆರೆ ಸುಮಾರು 16 ಜೂಲ್, ಜರ್ಮನಿಯಲ್ಲಿ ಬರೀ 7.5. ಸ್ಲಗ್ ಹುಚ್ಚು ಶುರುವಾದದ್ದು ಇಂಥ ಮಿತಿಯಿಲ್ಲದ ಕಡೆ, ದೊಡ್ಡ ಬೋರಿನ ರೈಫಲ್‌ಗಳಲ್ಲಿ. ನಮ್ಮ ಕೈಲಿರೋದು ಸಣ್ಣ ಬೋರು, 20 ಜೂಲ್ ಒಳಗಿನ ಶಕ್ತಿ. ಈ ಜುಜುಬಿ ಶಕ್ತಿಯಲ್ಲಿ ಸ್ಲಗ್‌ನಿಂದ ಏನು ಲಾಭ ಅನ್ನೋದೇ ಪ್ರಶ್ನೆ.

ಲೆಕ್ಕ ಹಾಕಿ ನೋಡಿದೆ. 20 ಜೂಲ್‌ನಲ್ಲಿ 8.44 ಗ್ರೇನ್ ಪೆಲೆಟ್ ಸೆಕೆಂಡಿಗೆ ಸುಮಾರು 270 ಮೀಟರ್ ವೇಗದಲ್ಲಿ ಹೊರಡುತ್ತೆ. 13 ಗ್ರೇನ್ ಸ್ಲಗ್ ಬರೀ 218. ಆದರೆ ಗಾಳಿ ಸೀಳುವ ಗುಣದಲ್ಲಿ ಸ್ಲಗ್ ಇಮ್ಮಡಿಗಿಂತ ಮೇಲು. ಹಾಗಾಗಿ 50 ಮೀಟರ್ ತಲುಪುವಾಗ ಪೆಲೆಟ್ಟಿನ ವೇಗ 195ರ ಹತ್ತಿರ, ಸ್ಲಗ್ಗಿನದ್ದು 190ರ ಹತ್ತಿರ. ಆಮೆ ಮೊಲದ ಕಥೆಯೇ! ಇನ್ನೂ ಮುಖ್ಯವಾದದ್ದು ಅಡ್ಡಗಾಳಿ. ಸೆಕೆಂಡಿಗೆ 2 ಮೀಟರ್ ಅಂದ್ರೆ ಮರದೆಲೆ ಅಲುಗೋವಷ್ಟು ಗಾಳಿ. ಅಷ್ಟಕ್ಕೇ ಪೆಲೆಟ್ 6 ಸೆಂಟಿಮೀಟರಿನಷ್ಟು ಪಕ್ಕಕ್ಕೆ ಹೋದರೆ ಸ್ಲಗ್ 3 ಸೆಂಟಿಮೀಟರ್ ಹೋಗುತ್ತೆ. ನಿಧಾನ ಹೋಗೋದ್ರಿಂದ ಸ್ಲಗ್ ಕೆಳಕ್ಕೆ ಬೀಳೋದು ಸುಮಾರು 6 ಸೆಂಟಿಮೀಟರ್ ಜಾಸ್ತಿ. ಆದರೆ ಬೀಳೋದು ಪ್ರತಿಸಲ ಅಷ್ಟೇ, ಸ್ಕೋಪ್ ತಿರುಗಿಸಿ ಸರಿ ಮಾಡಬಹುದು. ಗಾಳಿ ಮಾತ್ರ ಪ್ರತಿಸಲ ಒಂದೇ ಇರಲ್ಲ. ಕಾಗದದ ಮೇಲೆ ಸ್ಲಗ್‌ಗೇ ಗೆಲುವು.

ಮೂವತ್ತನಾಲ್ಕು ವರ್ಷ ಥಾಣೆಯ ಟೂಲ್‌ರೂಮಿನಲ್ಲಿ ಮೈಕ್ರೋಮೀಟರ್ ಹಿಡಿದು ಕೂತವನು ನಾನು. ಕಾಗದದ ಗೆಲುವನ್ನ ನಂಬಲ್ಲ. ಬ್ಯಾರಲ್ಲನ್ನೇ ಕೇಳಬೇಕು. ಅಂದಹಾಗೆ ನಮ್ಮ ಥಾಣೆ ಜಿಲ್ಲೆಯಲ್ಲೇ ಏರ್ ರೈಫಲ್ ತಯಾರಾಗುತ್ತೆ, ಗೊತ್ತೇ? ಉದ್ದನೆಯ ತೂತು ಕೊರೆಯುವ ಮೆಷಿನ್ ಮಾಡ್ತಿದ್ದ ಪ್ರೆಸಿಹೋಲ್‌ನವರು ಏರ್ ರೈಫಲ್ಲಿಗೂ ಕೈಹಾಕಿದರು. ನೆಟ್ಟಗಿನ ತೂತು ಕೊರೆಯೋದು ಎಷ್ಟು ಕಷ್ಟ ಅಂತ ಬಲ್ಲವರಿಗೆ ಅದರಲ್ಲಿ ಆಶ್ಚರ್ಯವಿಲ್ಲ.

ಮೊದಲ ಕೆಲಸ, ತಿರುವು ಅಳೆಯೋದು. ಕ್ಲೀನಿಂಗ್ ರಾಡಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಬ್ಯಾರಲ್ಲಿಗೆ ತಳ್ಳಿ, ರಾಡಿನ ಮೇಲೆ ಗುರುತು ಹಾಕಿ, ಆ ಗುರುತು ಒಂದು ಪೂರ್ತಿ ಸುತ್ತು ಬರೋಕೆ ಎಷ್ಟು ಒಳಗೆ ಹೋಯ್ತು ಅಂತ ನೋಡಬೇಕು. ನನ್ನದು 450 ಮಿ.ಮೀ. 1879ರ ಗ್ರೀನ್‌ಹಿಲ್ ಸೂತ್ರ ಅಂತ ಒಂದಿದೆ: ಗುಂಡಿನ ಅಗಲದ ವರ್ಗವನ್ನ 150ರಿಂದ ಗುಣಿಸಿ ತಿರುವಿನ ಅಳತೆಯಿಂದ ಭಾಗಿಸಿದ್ರೆ ಆ ಬ್ಯಾರಲ್ ತಡೆಯೋ ಗುಂಡಿನ ಉದ್ದ ಸಿಗುತ್ತೆ. ಅಂದಾಜಿಗೆ ಸಾಕು. ನನ್ನ ಬ್ಯಾರಲ್ಲಿಗೆ ಬಂದದ್ದು 6.75 ಮಿ.ಮೀ. ತಂದಿದ್ದ 10 ಗ್ರೇನ್ ಸ್ಲಗ್ 5.6 ಇತ್ತು, 13 ಗ್ರೇನಿನದ್ದು 7.2. ಅನುಮಾನ ಅಲ್ಲೇ ಶುರುವಾಯ್ತು.

ಎರಡನೆಯದು ತೂಕ. ಝವೇರಿ ಬಜಾರಿನಲ್ಲಿ ಚಿನ್ನ ತೂಗುವವರ ಸಣ್ಣ ತಕ್ಕಡಿ ಸಿಗುತ್ತೆ, ಮಿಲಿಗ್ರಾಂವರೆಗೆ ತೋರಿಸೋದು. ಒಂದೊಂದನ್ನೂ ತೂಗಿ, ಲಂಗ ಜಜ್ಜಿದ್ದು, ಅಂಚು ಮುರಿದಿದ್ದು ಎಲ್ಲ ಬೇರೆ ಇಟ್ಟೆ. ಮುಂಬಯಿ ಮಳೆಗಾಲದ ತೇವಕ್ಕೆ ಸೀಸದ ಮೇಲೆ ಬಿಳೀ ಪುಡಿ ಕೂರುತ್ತೆ, ಅದೂ ಬೇಡ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮುಟ್ಟಿದ ಕೈ ಸೋಪಿನಲ್ಲಿ ತೊಳೆಯದೆ ಊಟಕ್ಕೆ ಕೂರಬೇಡಿ. ಸೀಸ ವಿಷ.

ಮೂರನೆಯದು ಜಾಗ. ಐವತ್ತು ಮೀಟರ್ ಖಾಲಿ ಜಾಗ ಡೊಂಬಿವಲಿಯಲ್ಲಿ ಎಲ್ಲಿಂದ ತರೋದು? ಕರ್ಜತ್ ಹತ್ತಿರ ಗೆಳೆಯರೊಬ್ಬರ ಜಮೀನಿದೆ, ಹಿಂದೆ ಗುಡ್ಡ, ಮುಂದೆ ನಾವೇ ಹಾಕಿದ ಆಳೆತ್ತರದ ಮಣ್ಣಿನ ದಿಬ್ಬ. ಬೆಳಗಿನ ಕರ್ಜತ್ ಲೋಕಲ್ ಹಿಡಿದ್ರೆ ಗಾಳಿ ಏಳೋ ಮೊದಲು ಕೆಲಸ ಮುಗಿಯುತ್ತೆ. ಹಳೇ ಪ್ಯಾಂಟಿನ ಕಾಲಿಗೆ ಮರಳು ತುಂಬಿ ಹೊಲಿದ ಚೀಲ ರೈಫಲ್‌ಗೆ ದಿಂಬು. ಗುರಿಯ ಪಕ್ಕದಲ್ಲಿ ಒಂದು ಉಲ್ಲನ್ ದಾರ ಕಟ್ಟಿದೆ, ಗಾಳಿ ನೋಡೋಕೆ. ದಾರ ನೇರ ಇಳಿಬಿದ್ದಾಗ ಮಾತ್ರ ಹೊಡೆಯೋದು.

ಗುಂಡು ಬದಲಿಸಿದಾಗಲೆಲ್ಲ ಮೊದಲ ಇಪ್ಪತ್ತು ಗುಂಡು ಲೆಕ್ಕಕ್ಕಿಲ್ಲ. ಬ್ಯಾರಲ್ಲಿಗೆ ಹೊಸ ಗುಂಡಿನ ಸೀಸ ಹತ್ತಿ ಹದಕ್ಕೆ ಬರಬೇಕು. ಸಿಲಿಂಡರಿನ ಒತ್ತಡ ಕೆಳಗಿಳಿಯೋಕೆ ಬಿಡಬಾರದು. ಆಮೇಲೆ ಐದೈದು ಗುಂಡಿನ ಐದು ಗುಂಪು. ಒಂದೇ ಒಂದು ಗುಂಪು ಹೊಡೆದು ಫೋಟೋ ತೆಗೆಯೋದು ಪರೀಕ್ಷೆ ಅಲ್ಲ, ಅದು ಲಾಟರಿ.

ಫಲಿತಾಂಶ ಹೀಗೆ ಬಂತು. 50 ಮೀಟರಿನಲ್ಲಿ ಐದು ಗುಂಪಿನ ಸರಾಸರಿ: 8.44 ಗ್ರೇನ್ ಪೆಲೆಟ್ 32 ಮಿ.ಮೀ, 10.34 ಗ್ರೇನ್ ಪೆಲೆಟ್ 27, 10 ಗ್ರೇನ್ ಸ್ಲಗ್ 41, 13 ಗ್ರೇನ್ ಸ್ಲಗ್ 90. ಕೊನೆಯದರ ತೂತುಗಳು ದುಂಡಗೇ ಇರಲಿಲ್ಲ, ಬಾದಾಮಿಯ ಹಾಗೆ ಉದ್ದ. ಅಂದ್ರೆ ಗುಂಡು ದಾರಿಯಲ್ಲೇ ತೂರಾಡ್ತಾ ಅಡ್ಡಡ್ಡ ಬಂದಿದೆ. ಗ್ರೀನ್‌ಹಿಲ್ ಮಹಾಶಯ ನೂರೈವತ್ತು ವರ್ಷದ ಹಿಂದೆ ಹೇಳಿದ್ದು ಕರ್ಜತ್ತಿನಲ್ಲಿ ಕಂಡಿತು! ತಮಾಷೆ ಏನಂದ್ರೆ, 10 ಗ್ರೇನ್ ಸ್ಲಗ್ಗಿನ ಒಂದು ಗುಂಪು ಬರೀ 17 ಮಿ.ಮೀ ಬಂತು, ಆ ದಿನದ ಎಲ್ಲದಕ್ಕಿಂತ ಚಿಕ್ಕದು. ಅದೊಂದನ್ನೇ ತೋರಿಸಿದ್ರೆ ಸ್ಲಗ್ ಮಾರೋರಿಗೆ ಹಬ್ಬ. ಉಳಿದ ನಾಲ್ಕನ್ನ ಯಾರೂ ಕೇಳಲ್ಲ. ಗಾಳಿಯಲ್ಲಿ ಅರ್ಧ ಓಲಾಡುವ ಗುಂಡು ಅಂತ ಲೆಕ್ಕ ಹೇಳಿದ್ದು ಸುಳ್ಳಲ್ಲ. ಆದರೆ ಗಾಳಿಯೇ ಇಲ್ಲದಾಗ ಒಂದೇ ಕಡೆ ಬೀಳದ ಗುಂಡಿಗೆ ಆ ಗುಣ ಇದ್ದೂ ಏನು ಪ್ರಯೋಜನ? ಬೇರೆ ತಿರುವಿನ ಬ್ಯಾರಲ್ ಇದ್ದವರಿಗೆ ಉತ್ತರವೂ ಬೇರೆ ಬರಬಹುದು. ನನ್ನ ಬ್ಯಾರಲ್ ಒಪ್ಪಿದ್ದು 10.34ರ ಸಾದಾ ಪೆಲೆಟ್.

ಇಷ್ಟೆಲ್ಲ ಮಾಡಿದ್ದಕ್ಕೆ ಕಾರಣ ತೀರ್ಥಹಳ್ಳಿ ಕಡೆ ತೋಟ ಮಾಡ್ಕೊಂಡಿರೋ ತಂಗಿಯ ಮಗ. ಅವನ ಹತ್ರ ನನ್ನಂಥದೇ ರೈಫಲ್ ಇದೆ. “ಮಾವ, ಮುಂಬೈಲಿ ಸ್ಲಗ್ ಸಿಗ್ತದಂತಲ್ಲ, ನಾಲ್ಕು ಡಬ್ಬಿ ಕಳ್ಸಿ” ಅಂದಿದ್ದ. ಯಾತಕ್ಕೆ ಅಂದ್ರೆ ಮೊದಲು “ಸುಮ್ನೆ, ಗುರಿಗೆ” ಅಂದ. ಪರೀಕ್ಷೆಯ ಅಂಕಿ ಎಲ್ಲ ಹೇಳಿದ ಮೇಲೆ ನಿಜ ಹೊರಬಂತು. “ಕಾಗದಕ್ಕಲ್ಲ ಮಾವ. ಮಂಗಕ್ಕೆ. ಎಳೇ ಅಡಿಕೆ, ಬಾಳೆ, ಏಲಕ್ಕಿ, ಯಾವುದೂ ಬಿಡ್ತಿಲ್ಲ. ಪೆಲೆಟ್ ಹೊಡೆದ್ರೆ ಮೈ ಕೊಡವಿ ಕೂರ್ತವೆ.”

ಅವನ ಕಷ್ಟ ಸುಳ್ಳಲ್ಲ. ಆದರೂ ಕಳಿಸಲ್ಲ ಅಂದೆ. ಕಾನೂನು ಒಂದು ಕಡೆ, ನಮ್ಮ ಕಡೆಯ ಮಂಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದಕ್ಕಿಂತ ನನ್ನನ್ನ ತಡೆದದ್ದು ಅದೇ ಲೆಕ್ಕದ ಇನ್ನೊಂದು ಸಾಲು. 20 ಜೂಲಿನಲ್ಲಿ ಹೊರಟ ಪೆಲೆಟ್ 50 ಮೀಟರಿಗೆ ಅರ್ಧ ಶಕ್ತಿ ಕಳೆದುಕೊಂಡಿರುತ್ತೆ. ಸ್ಲಗ್ ಮುಕ್ಕಾಲು ಪಾಲು ಉಳಿಸಿಕೊಂಡಿರುತ್ತೆ. ನೂರು ಮೀಟರಿನಲ್ಲಿ ಸ್ಲಗ್ಗಿನ ಶಕ್ತಿ 50 ಮೀಟರಿನ ಪೆಲೆಟ್ಟಿನದ್ದಕ್ಕಿಂತ ಜಾಸ್ತಿ. ಮರದ ಮೇಲಿನ ಮಂಗಕ್ಕೆ ಹೊಡೆದ ಗುಂಡಿಗೆ ಹಿಂದೆ ಮಣ್ಣಿನ ದಿಬ್ಬ ಇರಲ್ಲ. ತಪ್ಪಿದ್ದು ಪಕ್ಕದ ತೋಟದಲ್ಲಿ ಕೊನೆ ಇಳಿಸ್ತಿರೋನ ಬೆನ್ನಿಗೆ ಬೀಳಬಹುದು. ತಗುಲಿದ್ದಾದರೂ ಈ ಶಕ್ತಿಗೆ ಮಂಗ ಅಲ್ಲೇ ಬೀಳೋದು ಅಪರೂಪ. ಹೊಟ್ಟೆಯಲ್ಲಿ ಸೀಸ ಹೊತ್ತು, ಮರಿ ತಬ್ಬಿಕೊಂಡು, ಎಂಟು ದಿನ ಒದ್ದಾಡುತ್ತೆ. ಅದೂ 90 ಮಿ.ಮೀ ಹರಡುವ ಗುಂಡಿನಲ್ಲಿ.

“ನೀವು ಮುಂಬೈಲಿ ಕೂತು ಹೇಳ್ತೀರಿ ಮಾವ. ತೋಟ ನಂದಲ್ವಾ” ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಲವತ್ತು ವರ್ಷದ ಹಿಂದೆ ಊರು ಬಿಟ್ಟವನು ಮಂಗ ಕಾಯೋ ಕೆಲಸಕ್ಕೆ ಸಲಹೆ ಕೊಡೋದು ಸುಲಭ. ಅಪ್ಪ ಇದ್ದಾಗ ತೋಟ ಕಾಯೋಕೆ ಮನೆ ತುಂಬ ಜನ ಇದ್ದರು, ಡಬ್ಬ ಬಡಿಯೋರು, ಕವಣೆ ಬೀಸೋರು, ಜೊತೆಗೆ ನಾಯಿ. ಈಗ ಅವನೊಬ್ಬನೇ. ಉಳಿದವರೆಲ್ಲ ನನ್ನ ಹಾಗೆ ಲೋಕಲ್ ಟ್ರೇನಿನಲ್ಲಿದ್ದಾರೆ.

ಸ್ಲಗ್ ಬದಲು, ತೋಟಕ್ಕೆ ಒಬ್ಬ ಕಾವಲಿನವನನ್ನ ಇಟ್ಕೊ, ಅಡಿಕೆ ಮುಗಿಯೋವರೆಗೆ ಅರ್ಧ ಸಂಬಳ ನನ್ನದು ಅಂದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಫೋನ್ ಮಾಡಿ, ಜನ ಸಿಕ್ಕಿದ್ದಾರೆ, ಸಂಬಳ ಇಷ್ಟಂತೆ ಅಂದ. ಕಳಿಸಿದೆ.