ಕುದುರೆ ಎಷ್ಟಿದ್ದರೂ ಟಯರ್ ನಾಲ್ಕೇ

ನಮ್ಮ ಅಕ್ಕನ ಮಗ ಹೊಸ ಕಾರು ತಂದ ದಿನದಿಂದ ಮನೆಯಲ್ಲಿ ಒಂದೇ ಮಾತು: 150 ಅಶ್ವಶಕ್ತಿ. ಅದೂ ಸಾಲದೆಂದು ಎಂಜಿನ್ನಿನ ಕಂಪ್ಯೂಟರ್ ತಿದ್ದಿಸಿ ಇನ್ನಷ್ಟು ಶಕ್ತಿ ಪಡೆಯಲು ಹಣ ಕೂಡಿಡುತ್ತಿದ್ದ. ಬಂಟ್ವಾಳದಿಂದ ಸಿದ್ಧಕಟ್ಟೆ ದಾಟಿ ಮೂಡಬಿದಿರೆಗೆ, ಅಲ್ಲಿಂದ ವೇಣೂರಿಗಾಗಿ ಬೆಳ್ತಂಗಡಿಗೆ ಸುತ್ತುವ ದಾರಿಯಲ್ಲಿ ಇಷ್ಟು ಕುದುರೆಗಳು ಓಡಲು ಜಾಗವೆಲ್ಲಿದೆ ಎಂದು ನಾವು ಕೇಳಲಿಲ್ಲ. ನಮಗೂ ಒಳಗೊಳಗೆ ಹೆಮ್ಮೆಯಿತ್ತು.

ಮಳೆಗಾಲದ ಒಂದು ಸಂಜೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ನೆರೆಮನೆಯ ಕಾಕ. ವರ್ಷಗಟ್ಟಲೆ ಇದೇ ಘಾಟಿಯಲ್ಲಿ ಲಾರಿ ಓಡಿಸಿದವರು. ಒಂದು ತಿರುವಿನಲ್ಲಿ ಹುಡುಗ ಬ್ರೇಕನ್ನೂ ಒತ್ತಿದ, ಸ್ಟಿಯರಿಂಗನ್ನೂ ತಿರುಗಿಸಿದ. ಚಕ್ರ ತಿರುಗಿತು, ಕಾರು ತಿರುಗಲಿಲ್ಲ. ನೇರಕ್ಕೆ ಜಾರಿ, ತಡೆಗೋಡೆಗೆ ಒಂದು ಗೇಣು ಇರುವಾಗ ನಿಂತಿತು. ಅದರಾಚೆ ಮಂಜು ತುಂಬಿದ ಕಣಿವೆ. ಯಾರ ಬಾಯಲ್ಲೂ ಮಾತಿಲ್ಲ. ಹಿಂದೆ ಬರುತ್ತಿದ್ದ ಹಳೆಯ ಮಾರುತಿ 800 ನಮ್ಮನ್ನು ದಾಟಿ ಆರಾಮವಾಗಿ ಇಳಿದುಹೋಯಿತು. ಅದರ ಎಂಜಿನ್ ಬರೇ 796 ಸಿಸಿ.

“ಕುದುರೆ ಎಷ್ಟಾದರೂ ಇರಲಿ ಮೋನೆ, ನೆಲ ಮುಟ್ಟುವುದು ನಾಲ್ಕೇ ಟಯರು. ಬ್ರೇಕ್ ಮೊದಲು ಹಿಡಿ, ಆಮೇಲೆ ತಿರುಗಿಸು” ಎಂದರು ಕಾಕ.

ಒಂದೊಂದು ಟಯರು ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಅಂಗೈಯಷ್ಟು ಮಾತ್ರ. ಬ್ರೇಕಿಗೆ, ತಿರುವಿಗೆ, ಎಂಜಿನ್ನಿನ ಎಳೆತಕ್ಕೆ ಹಿಡಿತ ಸಿಗಬೇಕಾದದ್ದು ಅಷ್ಟರಿಂದಲೇ. ಬ್ರೇಕಿಗೇ ಎಲ್ಲ ಖರ್ಚಾದರೆ ತಿರುವಿಗೆ ಉಳಿಯುವುದೇನು? ವೇಗ ಇಮ್ಮಡಿಯಾದರಂತೂ ಅದೇ ತಿರುವು ನಾಲ್ಕು ಪಟ್ಟು ಹಿಡಿತ ಕೇಳುತ್ತದೆ. ತೂಕ ಹಗುರವಾಗಿ, ಭಾರ ಹಿಂದೆ ಮುಂದೆ ಹದವಾಗಿ ಹಂಚಿಕೊಂಡಿರುವ ಕಾರನ್ನು ಓಟದವರು ಹುಡುಕುವುದು ಇದಕ್ಕೇ. 1964ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್‌ಕರ್ಕ್ ಓಡಿಸಿದ 1071 ಸಿಸಿಯ ಪುಟ್ಟ ಮಿನಿ ಕೂಪರ್, ವಿ-8 ಎಂಜಿನ್ನಿನ ದೈತ್ಯ ಫೋರ್ಡ್ ಫಾಲ್ಕನ್ನನ್ನು ಹಿಂದಿಕ್ಕಿತು. ಎಂಜಿನ್ ಗಾತ್ರ ನೋಡಿ ಅಂಕ ಹಾಕುವ ನಿಯಮವೂ ಮಿನಿಗೆ ನೆರವಾಗಿತ್ತೆನ್ನಿ. ಆದರೆ 1965ರಲ್ಲೂ 1967ರಲ್ಲೂ ಗೆದ್ದದ್ದು ಮಿನಿಯೇ. ಮೂಡಬಿದಿರೆಯ ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಡಿಯಲ್ಲಿ ಒಂದು ಕೋಣ ಎಷ್ಟೇ ಬಲಶಾಲಿಯಾದರೂ ಇನ್ನೊಂದರ ಜೊತೆ ಹೆಜ್ಜೆ ಕೂಡದಿದ್ದರೆ ಕರೆಯಲ್ಲಿ ನೇರ ಓಡೀತೆ?

ಉಜಿರೆಯಲ್ಲಿ ಚಹಾಕ್ಕೆ ನಿಂತೆವು. ಹುಡುಗ ಗ್ಲಾಸು ಕೆಳಗಿಟ್ಟು ಹೋಗಿ ಮುಂದಿನ ಟಯರನ್ನು ಕೈಯಿಂದ ಸವರಿ ನೋಡಿದ. ಗೀರು ಸವೆದು ನುಣ್ಣಗಾಗಿತ್ತು. ಕೂಡಿಟ್ಟ ಹಣದಲ್ಲಿ ನಾಲ್ಕು ಟಯರು ಬಂದೀತೇ ಎಂದು ಕಾಕನನ್ನು ಕೇಳಿದ.