ಜಾತ್ರೆಗೆ ಹೊರಟ ಹಳೆಯ ಬಂಡಿ

ಚಿಕ್ಕೋಡಿಯಿಂದ ಮಿರಜಿಗೆ ಹೋಗುವ ದಾರಿಯಲ್ಲಿ, ಕೃಷ್ಣಾನದಿಯನ್ನು ದಾಟುವದಕ್ಕೆ ಮುಂಚೆ, ಬಲದಂಡೆಯ ಮೇಲೆ ನಮ್ಮ ಅಂಕಲಿಯು ಇರುವದು. ಸೇತುವೆಯ ಆಚೆಗೆ ಮಾಂಜರಿ. ಅಲ್ಲಿಂದ ಮುಂದೆ ಕಾಗವಾಡ. ಅದನ್ನೂ ದಾಟಿದರೆ ಮಹಾರಾಷ್ಟ್ರದ ಸೀಮೆ. ಸುತ್ತಲೂ ಎರೆಯ ಭೂಮಿ, ಕಬ್ಬಿನ ಬೆಳೆ, ಕನ್ನಡ ಮರಾಠಿಗಳೆರಡನ್ನೂ ಸರಾಗವಾಗಿ ಆಡುವ ಜನ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಎಲ್ಲೆಯ ಗೆರೆಯು ಬಿದ್ದಿತಾದರೂ ಇಲ್ಲಿಯ ಯಾತ್ರೆಯ ಹಾದಿಗಳು ಆ ಗೆರೆಯನ್ನು ಎಣಿಸಲಿಲ್ಲ. ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರ ಮಹಾರಾಜರ ಪಾಲಕಿಯೊಡನೆ ನಡೆಯುವ ಎರಡು ಕುದುರೆಗಳು ಅಂಕಲಿಯ ಶಿತೋಳೆ ಸರಕಾರರ ವಾಡೆಯಿಂದಲೇ ಹೊರಡುವವು. ಹೈಬತರಾವ ಬಾಬಾ ಆರ್ಫಳಕರರು 19ನೆಯ ಶತಮಾನದಲ್ಲಿ ಪಾಲಕಿಯ ಯಾತ್ರೆಗೆ ಈಗಿನ ವ್ಯವಸ್ಥೆಯನ್ನು ಕೊಟ್ಟಂದಿನಿಂದ ಈ ಸೇವೆಯು ನಡೆದುಬಂದಿದೆ. ಒಂದು ಕುದುರೆಯ ಮೇಲೆ ಸವಾರನಿರುವನು. ಇನ್ನೊಂದರ ಬೆನ್ನು ಬರಿದು, ಅದರ ಮೇಲೆ ಮಹಾರಾಜರೇ ಕುಳಿತಿರುವರೆಂದು ಭಕ್ತರ ಭಾವನೆ. ಸುಮಾರು 300 ಕಿಲೋಮೀಟರಿನ ಆ ಹಾದಿಯನ್ನು ಅವು ಕಾಲ್ನಡಿಗೆಯಿಂದಲೇ ಸವೆಸುವವು. ಹೀಗೆ ಪ್ರಯಾಣದ ಸಿದ್ಧತೆಯೆಂಬುದು ನಮ್ಮ ಊರಿಗೆ ಹೊಸದಲ್ಲ.

ನಾವು ಇಲ್ಲಿ ಬರೆಯಹೊರಟಿರುವದು ಅದಕ್ಕಿಂತ ಚಿಕ್ಕದಾದ, ಮನೆವಾರ್ತೆಗೆ ಸೇರಿದ ಇನ್ನೊಂದು ಯಾತ್ರೆಯ ವಿಷಯವನ್ನು. ಮಾಘಮಾಸದ ಭಾರತ ಹುಣ್ಣಿಮೆಗೆ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆಯು ಕೂಡುವದು. ಬೆಳಗಾವಿಯ ಹಳ್ಳಿಗಳಿಂದಲೂ ಸಾಂಗಲಿ, ಕೊಲ್ಲಾಪುರ, ಸೋಲಾಪುರಗಳ ಕಡೆಯಿಂದಲೂ ಜನರು ಬಂದು ಸೇರುವರು. ಚಿಂಚಲಿಗೆ ರೈಲು ನಿಲ್ದಾಣವಿದೆ, ಮೋಟಾರುಗಳಿಗೆ ಕೊರತೆಯಿಲ್ಲ. ಅದಾಗ್ಯೂ ದೇವಿಯ ಬಳಿಗೆ ಎತ್ತಿನ ಬಂಡಿಯಲ್ಲಿಯೇ ಹೋಗಬೇಕೆಂಬ ನೇಮವನ್ನು ಬಿಡದ ಮನೆತನಗಳು ಇನ್ನೂ ಉಳಿದಿರುವವು. ನಮ್ಮ ಮನೆಯೂ ಅವುಗಳಲ್ಲಿ ಒಂದು.

ನಮ್ಮ ಬಂಡಿಯು ತೀರ್ಥರೂಪರ ಕಾಲದ್ದು. ಗಾಲಿಗಳು ಜಾಲಿಯ ಕಟ್ಟಿಗೆಯವು, ಚೌಕಟ್ಟು ಸಾಗವಾನಿಯದು. ಜಾತ್ರೆಯ ಹೊತ್ತಿಗೆ ಅದರ ಮೇಲೆ ಬಿದಿರಿನ ಕಮಾನು ಕಟ್ಟಿ ಚಾಪೆ ತಾಡಪತ್ರಿಗಳನ್ನು ಹೊದಿಸಿದರೆ ಅದು ಬಂಡಿಯೆಂಬ ಹೆಸರನ್ನು ನೀಗಿ ಮನೆಯಾಗುವದು. ತಳದಲ್ಲಿ ಕಣಿಕೆಯ ಹಾಸು, ಅದರ ಮೇಲೆ ಕೌದಿ. ಮೂಲೆಗೆ ಹಿಟ್ಟಿನ ಡಬ್ಬಿ, ಕಡಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ನೀರಿನ ಕೊಡ. ಕೆಳಗೆ ಅಚ್ಚಿನ ಹಿಂದೆ ತೂಗುಬಿಟ್ಟ ಜಾಳಿಗೆಯಲ್ಲಿ ಎತ್ತುಗಳ ಹಿಂಡಿ. ರಾತ್ರಿ ಮಕ್ಕಳು ಹೆಂಗಸರು ಒಳಗೆ, ಗಂಡಸರು ಬಂಡಿಯ ಕೆಳಗೆ ಮಲಗುವರು. ಪಾಶ್ಚಾತ್ಯ ದೇಶಗಳಲ್ಲಿ ವೃದ್ಧ ದಂಪತಿಗಳು ಅಡಿಗೆಮನೆ ಹಾಸಿಗೆಗಳಿರುವ ಮೋಟಾರು ಮನೆಯನ್ನು ಕೊಂಡು ಬೇಸಗೆಯಲ್ಲಿ ಊರೂರು ತಿರುಗುವರಷ್ಟೆ. ಅದನ್ನು ನವೀನವೆಂದು ವರ್ಣಿಸುವವರಿಗೆ ನಮ್ಮ ಜಾತ್ರೆಯ ಬಂಡಿಗಳ ಸಾಲನ್ನು ಒಮ್ಮೆ ತೋರಿಸಬೇಕು.

ಈ ಸಲ ಪುಷ್ಯಮಾಸದಲ್ಲಿಯೇ ಮನೆಯಲ್ಲಿ ಚರ್ಚೆಯು ಎದ್ದಿತು. “ಅಪ್ಪಾ, ಈ ಬಂಡಿ ಇನ್ನ ಸಾಕು ಮಾಡೋಣು. ಒಂದು ಟೆಂಪೋ ಮಾಡಿಕೊಂಡ್ರ ತಾಸಿನ್ಯಾಗ ಚಿಂಚಲಿ ಮುಟ್ಟತೇವಿ” ಎಂದು ಮಗನು ಹೇಳಿದನು. ಹಳೆಯ ಮರದ ಗಾಲಿಗಳನ್ನು ಖಾನಾವಳಿಗಳವರು ಅಂಗಳದ ಶೋಭೆಗಾಗಿ ಕೊಳ್ಳುವರೆಂಬ ಸುದ್ದಿಯನ್ನೂ ಅವನು ತಂದಿದ್ದನು. ಸೊಸೆಯ ಮಾತು ಇನ್ನೂ ತೂಕದ್ದು: “ಮಾವಾರ, ನಡದಾರಿಯೊಳಗ ಅಚ್ಚು ಮುರಿದ್ರ ಒಳಗ ಕೂತ ಕೂಸುಗಳ ಗತಿ ಏನರಿ?” ಇದಕ್ಕೆ ಭಕ್ತಿಯನ್ನಾಗಲಿ ಪರಂಪರೆಯನ್ನಾಗಲಿ ಉತ್ತರವಾಗಿ ಹೇಳುವದು ಸಲ್ಲದು. ತಾಯಿಯು ಕೇಳಿದ ಪ್ರಶ್ನೆಗೆ ಪರೀಕ್ಷೆಯೇ ಉತ್ತರವಾಗಬೇಕು. ಬಂಡಿಯನ್ನು ಬಡಿಗೇರರಿಗೂ ಕಂಬಾರರಿಗೂ ತೋರಿಸುವದು, ಅವರು ಬೇಡವೆಂದರೆ ಅದನ್ನು ಹೂಡದಿರುವದು ಎಂದು ನಿಶ್ಚಯವಾಯಿತು.

ಆಗ ನಮಗೆ ಚರಕಸಂಹಿತೆಯ ಒಂದು ಪ್ರಕರಣವು ನೆನಪಾಯಿತು. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಕಾಲಮೃತ್ಯು ಅಕಾಲಮೃತ್ಯುಗಳೆಂಬ ಭೇದವು ಹೇಗೆಂದು ಅಗ್ನಿವೇಶನು ಕೇಳಲು, ಆತ್ರೇಯರು ಬಂಡಿಯ ಅಚ್ಚನ್ನೇ ದೃಷ್ಟಾಂತವಾಗಿ ಕೊಡುವರು. ಗಟ್ಟಿಯಾದ ಅಚ್ಚು ಸರಿಯಾಗಿ ನಡೆದರೆ ತನ್ನ ಪ್ರಮಾಣದಷ್ಟು ಸವೆದು ಮುಗಿಯುವದು, ಅದು ಕಾಲಮೃತ್ಯು. ಅದೇ ಅಚ್ಚು ಅತಿಭಾರದಿಂದ, ತಗ್ಗುದಿನ್ನೆಯ ಹಾದಿಯಿಂದ, ಹಾದಿಯಲ್ಲದ ಕಡೆಗೆ ನುಗ್ಗುವದರಿಂದ, ಗಾಲಿ ಮುರಿಯುವದರಿಂದ, ಎತ್ತಿನ ಅಥವಾ ಹೊಡೆಯುವವನ ದೋಷದಿಂದ, ಆಣಿ ಕಳಚುವದರಿಂದ, ಎಣ್ಣೆಯಿಲ್ಲದ್ದರಿಂದ, ಬಂಡಿ ಉರುಳುವದರಿಂದ ನಡುವೆಯೇ ಮುರಿದರೆ ಅದು ಅಕಾಲಮೃತ್ಯು. ಮನುಷ್ಯನ ಆಯುಷ್ಯವೂ ಹೀಗೆಯೇ ಎಂಬುದು ಅಲ್ಲಿಯ ಸಿದ್ಧಾಂತ. ಶಾಲೆಯಲ್ಲಿ ನಾವು ಇದನ್ನು ಆರೋಗ್ಯದ ಪಾಠವಾಗಿ ಹೇಳುತ್ತಿದ್ದೆವು. ಈಗ ಅದನ್ನು ತಿರುಗಿಸಿ ಬಂಡಿಯ ಪರೀಕ್ಷೆಯ ಯಾದಿಯಾಗಿ ಬಳಸಿದೆವು. ಅಲ್ಲಿ ಹೇಳಿದ ಕಾರಣಗಳಲ್ಲಿ ಒಂದಾದರೂ ಇಂದಿಗೆ ಹಳತಾಗಿಲ್ಲ.

ಮೊದಲು ಗಾಲಿ. ಸಂಸ್ಕೃತದಲ್ಲಿ ಅದರ ನಡುವಿನ ದಿಮ್ಮಿಗೆ ನಾಭಿ, ಕಡ್ಡಿಗಳಿಗೆ ಅರ, ಸುತ್ತಿನ ಮರದ ಬಳೆಗೆ ನೇಮಿ ಎಂದು ಹೆಸರು. ಇವು ಮೂರೂ ಬಿಡಿ ತುಂಡುಗಳು. ಒಂದರಲ್ಲೊಂದು ಕೂಡಿಸಿ ಹೊರಗಿನಿಂದ ಕಬ್ಬಿಣದ ಹಳಿಯನ್ನು ತೊಡಿಸಿದಾಗ ಮಾತ್ರ ಗಾಲಿಯಾಗುವದು. ಚಳಿಗಾಲದ ಒಣಗಾಳಿಗೆ ಜಾಲಿಯು ಕುಗ್ಗುವದು, ಕೂಡುಗಳು ಸಡಿಲಾಗುವವು, ಹಳಿಯು ಅಲ್ಲಾಡುವದು. ದಿನವೂ ದುಡಿಯುವ ಬಂಡಿಯಲ್ಲಿ ಇದು ಒಡನೆ ಗಮನಕ್ಕೆ ಬರುವದು. ವರ್ಷಕ್ಕೊಮ್ಮೆ ಹೂಡುವ ಬಂಡಿಯಲ್ಲಿ ಬಾರದು. ಮೋಟಾರು ಮನೆಗಳ ಮಾತೂ ಹೀಗೆಯೇ. ತಿಂಗಳುಗಟ್ಟಲೆ ಒಂದೆಡೆ ನಿಂತ ವಾಹನದ ರಬ್ಬರು ಹೆಚ್ಚು ಓಡದಿದ್ದರೂ ಬಿಸಿಲಿಗೆ ಪೆಡಸಾಗಿ ಬಿರಿಯುವದು, ಬ್ಯಾಟರಿಯು ಸೊರಗುವದು. ಓಡಾಟದಿಂದ ಆಗುವ ಸವೆತವನ್ನು ಜನರು ಬಲ್ಲರು. ಸುಮ್ಮನೆ ನಿಲ್ಲುವದರಿಂದ ಆಗುವ ಸವೆತವನ್ನು ಎಣಿಸುವವರು ವಿರಳ.

ಬಡಿಗೇರ ಕಾಕಾ ಬಂದು ಪ್ರತಿಯೊಂದು ಅರಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿದನು. ಗಟ್ಟಿಯಾಗಿ ಕೂತ ಕಟ್ಟಿಗೆಯು ಖಣಿಯೆಂದು ನುಡಿಯುವದು, ಸಡಿಲಾದದ್ದು ಬೊದ್ದೆನ್ನುವದು. ಎಡಗಾಲಿಯಲ್ಲಿ ಎರಡು ಅರಗಳು ಬೊದ್ದೆಂದವು. ಅವುಗಳ ಬುಡವನ್ನು ಹುಳು ತಿಂದಿತ್ತು. ಅವೆರಡನ್ನು ಹೊಸ ಜಾಲಿಯಿಂದ ಕೆತ್ತಿ ಕೂಡಿಸಿದನು. ಉಳಿದ ಸಡಿಲಿಗೆ ಗಾಲಿಯನ್ನು ನೀರಿನಲ್ಲಿ ನೆನೆಹಾಕಿ ಉಬ್ಬಿಸುವ ಉಪಾಯವೊಂದುಂಟು. ಆದರೆ ಆ ನೀರು ಆರಿದೊಡನೆ ಕಟ್ಟಿಗೆಯು ಮತ್ತೆ ಕುಗ್ಗುವದು. ಆದಕಾರಣ ಹಳಿಯನ್ನೇ ತೆಗೆದು ಮರಳಿ ತೊಡಿಸುವದೆಂದು ಗೊತ್ತಾಯಿತು.

ಈ ಕೆಲಸವನ್ನು ಇಂದಿನ ಮಕ್ಕಳು ನೋಡಿರುವದು ಅಪರೂಪ. ಆದ್ದರಿಂದ ಸ್ವಲ್ಪ ವಿಸ್ತರಿಸುವೆವು. ಕಂಬಾರನು ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆದು, ಹಳಿಯನ್ನು ಕತ್ತರಿಸಿ, ಅದರ ಒಳಸುತ್ತು ಗಾಲಿಗಿಂತ ಒಂದು ಬೆರಳಿನ ಅಗಲದಷ್ಟು ಕಡಿಮೆಯಾಗುವಂತೆ ಮರಳಿ ಬೆಸೆಯುವನು. ಬಳಿಕ ಹಳಿಯನ್ನು ನೆಲದ ಮೇಲೆ ಮಲಗಿಸಿ ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಚ್ಚುವರು. ಕಬ್ಬಿಣವು ಕಾದಂತೆ ಹಿಗ್ಗುವದೆಂಬ ಶಾಲೆಯ ಪಾಠವು ಇಲ್ಲಿ ಕಣ್ಣಿಗೆ ಕಾಣುವದು: ನಾಲ್ಕೂವರೆ ಮೀಟರ ಸುತ್ತಳತೆಯ ಹಳಿಯು 500 ಡಿಗ್ರಿ ಸೆಲ್ಸಿಯಸ್ಸಿನಷ್ಟು ಹೆಚ್ಚು ಕಾದರೆ ಸುಮಾರು 27 ಮಿಲಿಮೀಟರ ಬೆಳೆಯುವದು. ಹಾಗೆ ಹಿಗ್ಗಿದ ಹಳಿಯನ್ನು ಮೂವರು ಇಕ್ಕಳಗಳಿಂದ ಎತ್ತಿ ಗಾಲಿಯ ಮೇಲೆ ಇಳಿಸಿದೊಡನೆ ಕಟ್ಟಿಗೆಯು ಹೊತ್ತಿ ಹೊಗೆಯೇಳುವದು. ಅಷ್ಟರಲ್ಲಿ ಸುತ್ತಲೂ ನೀರು ಸುರಿಯಬೇಕು. ಹಳಿಯು ಕುಗ್ಗುತ್ತ ನೇಮಿಯನ್ನು ಅರಗಳ ಮೇಲೂ ಅರಗಳನ್ನು ನಾಭಿಯೊಳಕ್ಕೂ ಒತ್ತಿ ಬಿಗಿಯುವದು. ಒಂದು ಮೊಳೆಯಿಲ್ಲದೆ ಗಾಲಿಯು ಒಂದೇ ಪಿಂಡವಾಗುವದು. ಬೆಂಕಿಯನ್ನು ಬಹಳ ಮಾಡಿದರೆ ಕಟ್ಟಿಗೆಯು ಸುಡುವದು; ನೀರನ್ನು ತಡಮಾಡಿದರೂ ಸುಡುವದು. ಅಳತೆಗಿಂತ ಹೆಚ್ಚು ಬಿಗಿಮಾಡಿದರೆ ಅರಗಳು ಬಾಗುವವು.

ಇನ್ನು ಅಚ್ಚು. ಮೇಲ್ನೋಟಕ್ಕೆ ಅದರಲ್ಲಿ ದೋಷವಿರಲಿಲ್ಲ. ಆದರೆ ಕಂಬಾರನು ಅದನ್ನು ಕಳಚಿ, ಹಳೆಯ ಎಣ್ಣೆಯ ಜಿಡ್ಡನ್ನು ತೆಗೆದು, ಸೀಮೆಎಣ್ಣೆ ಬಳಿದು ಒರೆಸಿ, ಮೇಲೆ ಸುಣ್ಣದಕಡ್ಡಿಯ ಪುಡಿಯನ್ನು ಉದುರಿಸಿದನು. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆಯು ಹೊರಗೆ ಒಸರಿ ಬಿಳಿಯ ಪುಡಿಯಲ್ಲಿ ಗೆರೆಯಾಗಿ ಮೂಡುವದು. ಗಾಲಿಯು ತಿರುಗುವ ಭಾಗದ ಬುಡದಲ್ಲಿ ಕೂದಲೆಳೆಯಷ್ಟು ಗೆರೆಯೊಂದು ಮೂಡಿತು. “ಮಾಸ್ತರ, ಗಾಲಿ ಇನ್ನೂ ಹತ್ತು ವರ್ಷ ಬಾಳತಾವ್ರಿ. ಅಚ್ಚಿನ ಮಾತು ಬ್ಯಾರೆ. ಇದನ್ನ ನಂಬಿ ಕೂಸುಗಳನ್ನ ಕೂಡಸಬ್ಯಾಡ್ರಿ” ಎಂದನು ಬಡಿಗೇರ ಕಾಕಾ. ತೀರ್ಥರೂಪರ ಕೈಯಿಂದ ಎಷ್ಟೋ ಸಲ ಎಣ್ಣೆ ಉಂಡ ಅಚ್ಚು ಅದು. ಅದನ್ನು ಬಿಡುವದು ನಮಗೆ ಸುಲಭವಾಗಿರಲಿಲ್ಲ. ಆದರೆ ಸೊಸೆಯ ಪ್ರಶ್ನೆಗೆ ಉತ್ತರವು ಆ ಬಿಳಿಯ ಪುಡಿಯಲ್ಲಿಯೇ ಬರೆದಿತ್ತು. ಅಚ್ಚು ತನ್ನ ಕಾಲವನ್ನು ತುಂಬಿತ್ತು. ಹೊಸ ಅಚ್ಚನ್ನು ಹಾಕಿಸಿದೆವು, ಕಡಾಣಿಗಳೆರಡನ್ನೂ ಬದಲಿಸಿದೆವು, ಕೀಲೆಣ್ಣೆಯ ಗೊಟ್ಟವನ್ನು ತುಂಬಿಸಿದೆವು.

ಹಳೆಯದನ್ನು ಕಾಪಾಡುವದೆಂದರೆ ಹಳೆಯದೆಲ್ಲವನ್ನೂ ಇಟ್ಟುಕೊಳ್ಳುವದಲ್ಲ. ಯಾವುದು ಭಾರವನ್ನು ಹೊರುವದೋ, ಯಾವುದು ಮುರಿದರೆ ಜೀವಕ್ಕೆ ಅಪಾಯವೋ, ಅದರಲ್ಲಿ ದಾಕ್ಷಿಣ್ಯವು ಕೂಡದು. ಉಳಿದದ್ದನ್ನು ಒಪ್ಪಮಾಡಿ ಬಾಳಿಸಬಹುದು.

ಚರಕಾಚಾರ್ಯರ ಯಾದಿಯಲ್ಲಿ ಭಾರ, ಹಾದಿ, ಎತ್ತುಗಳು ಇನ್ನೂ ಉಳಿದವು. ನಮ್ಮವು ಖಿಲಾರಿ ಎತ್ತುಗಳು. ನಡಿಗೆಯಲ್ಲಿ ಚುರುಕು, ಆದರೆ ಡಾಂಬರು ಹಾದಿಯು ಗೊರಸನ್ನು ತಿನ್ನುವದು. ಆದ್ದರಿಂದ ವಾರದ ಮುಂಚೆಯೇ ಲಾಳ ಕಟ್ಟಿಸಿದೆವು. ನೊಗವು ಹೆಗಲನ್ನು ತಾಗುವ ಜಾಗದಲ್ಲಿ ಕೈಯಾಡಿಸಿ, ಒರಟಾದಲ್ಲಿ ಉಜ್ಜಿ ನಯಮಾಡಿಸಿದೆವು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಬಂಡಿಯನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ, ಒಳ್ಳೆಯ ನೊಗ ಮತ್ತು ಸರಾಗವಾದ ಗಾಲಿಗಳಿಂದ ಮೂಕಪ್ರಾಣಿಯ ಹೆಗಲಿನ ಹುಣ್ಣನ್ನೂ ಶ್ರಮವನ್ನೂ ತಗ್ಗಿಸಬಹುದೆಂದು ಬಹುಕಾಲ ಪ್ರತಿಪಾದಿಸಿದರು. ಕಾಯಿದೆಯ ಕಟ್ಟಳೆಯೂ ಉಂಟು. 1965ರ ನಿಯಮಗಳ ಪ್ರಕಾರ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚಾಗಲಿ, ವಿಶ್ರಾಂತಿಯಿಲ್ಲದೆ 5 ತಾಸಿಗಿಂತ ಹೆಚ್ಚಾಗಲಿ ದುಡಿಸಕೂಡದು. ಉಷ್ಣತೆಯು 37 ಡಿಗ್ರಿಯನ್ನು ಮೀರಿದಲ್ಲಿ ಮಧ್ಯಾಹ್ನ 12ರಿಂದ 3ರ ವರೆಗೆ ಹೂಡಲೇಕೂಡದು. ಬಂಡಿಯಲ್ಲಿ ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ವರಿಗಿಂತ ಹೆಚ್ಚು ಜನರು ಕೂಡ್ರಬಾರದು. ಮಾಘದಲ್ಲಿ ಅಂಥ ಬಿಸಿಲು ಇರದಾದರೂ ನಾವು ಬೆಳಗುಜಾವ ಹೊರಟು, ಬಿಸಿಲೇರಿದೊಡನೆ ಬೇವಿನ ನೆರಳಿನಲ್ಲಿ ಬಿಡುವ ಕ್ರಮವನ್ನೇ ಗೊತ್ತುಮಾಡಿದೆವು. ಹೆಚ್ಚಿನ ಜನರು ಬಸ್ಸಿನಲ್ಲಿ ಬರತಕ್ಕದ್ದು. ಮಗನು ಅವರನ್ನು ಕರೆತರುವ ಭಾರವನ್ನು ತಾನೇ ವಹಿಸಿಕೊಂಡನು.

ಹಾದಿಯ ಭಯವೊಂದು ಹೊಸದು. ಈ ಸೀಮೆಯಲ್ಲಿ ಜಾತ್ರೆಯ ಕಾಲವೂ ಕಬ್ಬು ನುರಿಸುವ ಕಾಲವೂ ಒಂದೇ ಆಗಿರುವದು. 1939ರಲ್ಲಿ ಸ್ಥಾಪಿತವಾದ ಉಗಾರದ ಕಾರಖಾನೆಯೂ, ಅನಂತರ ಎದ್ದ ಇತರ ಕಾರಖಾನೆಗಳೂ ಹೊಗೆಯಾಡುತ್ತಿರುವಾಗ, ಕಬ್ಬು ಹೇರಿದ ಟ್ರ್ಯಾಕ್ಟರುಗಳು ಇರುಳೆಲ್ಲ ರಸ್ತೆಯಲ್ಲಿರುವವು. ಕತ್ತಲೆಯಲ್ಲಿ ಬೆಳಕಿಲ್ಲದ ಬಂಡಿಯು ಅವುಗಳಿಗೆ ಕಾಣದು. ಹಿಂದಿನವರು ಅಚ್ಚಿಗೆ ಕಂದೀಲು ತೂಗುಬಿಡುತ್ತಿದ್ದರು. ನಾವು ಅದರ ಜೊತೆಗೆ ಬಂಡಿಯ ಹಿಂದೆಯೂ ಗಾಲಿಗಳ ಅರಗಳಿಗೂ ಹೊಳೆಯುವ ಕೆಂಪು ಪಟ್ಟಿಗಳನ್ನು ಅಂಟಿಸಿದೆವು. ಹಳೆಯ ಬಂಡಿಗೆ ಇದು ಒಪ್ಪದೆಂದು ಕೆಲವರು ನಕ್ಕರು. ಒಪ್ಪುವದಕ್ಕಿಂತ ಕಾಣುವದು ಮೇಲು.

ಮನೆಯಲ್ಲಿ ಹಳೆಯ ವಾಹನವಿದ್ದ ವಾಚಕರಿಗೆ, ಅದು ಬಂಡಿಯಾಗಲಿ ಮೋಟಾರಾಗಲಿ, ನಮ್ಮ ವಿಜ್ಞಾಪನೆ ಇಷ್ಟೆ. ಹೊರಡುವ ಹಿಂದಿನ ದಿನ ನೋಡಬೇಡಿರಿ, ತಿಂಗಳ ಮುಂಚೆ ನೋಡಿರಿ. ಕಣ್ಣಿಗೆ ಕಾಣದ ಜಾಗವನ್ನು ಮೊದಲು ತೆಗೆಯಿಸಿ ನೋಡಿರಿ. ಬಲ್ಲವನು ಬೇಡವೆಂದ ಭಾಗವನ್ನು ಮೋಹದಿಂದ ಉಳಿಸಿಕೊಳ್ಳಬೇಡಿರಿ. ಮನೆಯ ಹೆಂಗಸರು ಕೇಳುವ ಪ್ರಶ್ನೆಯನ್ನು ಅಂಜಿಕೆಯೆಂದು ತಳ್ಳಿಹಾಕಬೇಡಿರಿ. ಪ್ರಯಾಣದ ಕ್ಷೇಮವು ಅಲ್ಲಿಂದಲೇ ಮೊದಲಾಗುವದು.

ಇನ್ನೊಂದು ಮಾತು. ಮರದ ಗಾಲಿಗೆ ಹಳಿ ತೊಡಿಸುವ ಕೆಲಸವು ಈಗ ಬಡಿಗೇರ ಕಾಕಾನಿಗೆ ವರ್ಷಕ್ಕೆ ಎರಡು ಮೂರು ಮನೆಗಳಿಂದ ಮಾತ್ರ ಬರುವದು. ಉಳಿದವರೆಲ್ಲ ರಬ್ಬರು ಟೈರಿನ ಗಾಡಿಗಳಿಗೆ ತಿರುಗಿದ್ದಾರೆ. ಎತ್ತುಗಳಿಗೆ ಅದು ಹಗುರವೂ ಹೌದು, ಅದನ್ನು ನಾವು ಹಳಿಯಲಾರೆವು. ಆದರೆ ಕೈಗೆ ಕೆಲಸವಿಲ್ಲದ ವಿದ್ಯೆಯೂ ನಿಂತ ಗಾಲಿಯಂತೆ ಒಳಗಿಂದೊಳಗೆ ಸಡಿಲಾಗುವದು. ಈ ಸಲ ಹಳಿಯ ಮೇಲೆ ನೀರು ಸುರಿಯುವ ಕೆಲಸವನ್ನು ಕಾಕಾ ತನ್ನ ಮೊಮ್ಮಗನಿಗೆ ಒಪ್ಪಿಸಿದ್ದನು. ಹುಡುಗನು ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಿದ್ದರೂ ಕೊಡವನ್ನು ಹೊತ್ತಿಗೆ ಸರಿಯಾಗಿ ಬಗ್ಗಿಸಿದನು. ಬರುವ ವರ್ಷ ಇಕ್ಕಳವನ್ನೂ ಹಿಡಿಯುವೆನೆಂದು ಅವನು ಹೇಳಿದ್ದಾನೆ.